ಉಬ್ಬಿದ ಎಳೆ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ. ಸಂಕ್ರಾಂತಿ ಕಳೆಯಲಿ ಎಂದೆ, ಬಿಸಿಲು ಇಳಿಯಲಿ ಎಂದೆ, ಕಣ್ಣಿನ ಆಪರೇಷನ್ ಆಗಲಿ ಎಂದೆ. ಕಣ್ಣು ಸರಿಯಾಗಿ ಬಹಳ ದಿನವಾಯಿತು. ಇನ್ನು ನೆಪ ಉಳಿದಿಲ್ಲ.

ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹತ್ತಿ ನೋಡಿ ದರ್ಜೆ ಹೇಳುವ ಕೆಲಸ ನನ್ನದಾಗಿತ್ತು. ನಾನು ಓದಿದ್ದು ಹತ್ತನೇ ತರಗತಿ. ನನ್ನ ಬೆರಳುಗಳು ಅದಕ್ಕಿಂತ ಹೆಚ್ಚು ಓದಿವೆ ಎಂದು ಜಂಬಪಡುತ್ತಿದ್ದೆ. ಗುಡ್ಡೆಯೊಳಗೆ ಕೈ ತೂರಿಸಿ ಒಂದು ಚಿಟಿಕೆ ಹತ್ತಿ ತೆಗೆದು, ಎರಡು ಹೆಬ್ಬೆರಳುಗಳ ನಡುವೆ ಎಳೆದು, ಎಳೆಗಳನ್ನು ಅಂಗಿಯ ತೋಳಿನ ಮೇಲೆ ಸಾಲಾಗಿ ಇಟ್ಟು ನೋಡುತ್ತಿದ್ದೆ. ವ್ಯಾಪಾರಿ ತೆಲುಗಿನಲ್ಲಿ “ಎಟ್ಲುಂದಿ, ಚೆಪ್ಪು”, ಹೇಗಿದೆ ಹೇಳು, ಎಂದು ಕೇಳುವಷ್ಟರಲ್ಲಿ ನನ್ನ ತೀರ್ಪು ಬಂದಿರುತ್ತಿತ್ತು. ಅದಕ್ಕೆ ಯಾರೂ ಎದುರಾಡುತ್ತಿರಲಿಲ್ಲ. ಎಲ್ಲಾದರೂ ಒದ್ದೆ ಹತ್ತಿ ಕೈಗೆ ಸಿಕ್ಕರೆ ಅಲ್ಲೇ ಕಿತ್ತು ಹೊರಗೆ ಹಾಕಿಸುತ್ತಿದ್ದೆ. ಅದು ಒಳಗೇ ಕಾವು ಹಿಡಿದು, ಹಳದಿಯಾಗಿ, ಪಕ್ಕದ ಹತ್ತಿಯನ್ನೂ ಕೆಡಿಸುತ್ತದೆ.

ಹೆಂಡತಿ ತೀರಿಕೊಂಡ ಮೇಲೆ ನನ್ನ ಮನೆ ನಡೆಸಿದವಳು ನನ್ನ ಅಕ್ಕ. ಅವಳ ಗಂಡ ತೀರಿಹೋಗಿದ್ದ, ಅವಳಿಗೆ ಮಕ್ಕಳಿರಲಿಲ್ಲ. ಒಮ್ಮೆ ಪೆದ್ದಕಡುಬೂರಿನ ಕಡೆ ಹೊಲದಲ್ಲಿ ಒಣಗಿದ ಹತ್ತಿಕಟ್ಟಿಗೆ ಆರಿಸಲು ಹೋದಾಗ ಅವಳ ಅಂಗಾಲಿಗೆ ಮೋಟು ಕಟ್ಟಿಗೆ ಚುಚ್ಚಿತು. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಕಾಲು, ನೋವು ತಿಳಿಯಲಿಲ್ಲ. ವಾಸನೆ ಬಂದಾಗಲೇ ತಿಳಿದದ್ದು.

ಬಳ್ಳಾರಿಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಹೊಸ ಬಗೆಯ ಪಟ್ಟಿಯೊಂದನ್ನು ಕೆಲವು ರೋಗಿಗಳಿಗೆ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಡಾಕ್ಟರಮ್ಮ ಅದನ್ನು ತೋರಿಸಿದಳು. ಬೆಳ್ಳಗೆ, ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಿತ್ತು.

“ಇದು ಹತ್ತಿ ಅಲ್ರಿ, ಪಾಲಿಮರ್. ಕೂದಲಿಗಿಂತ ಸಣ್ಣ ಎಳಿ. ಒಳಗ ಮದ್ದು ತುಂಬೈತಿ. ಗಾಯ ನೆಟ್ಟಗಿದ್ರ ಸುಮ್ನಿರತೈತಿ. ಕೀವಾಗಾಕ ಹತ್ತಿದ್ರ ಗಾಯದ ನೀರಿನ ಗುಣ ಬದಲಾಗತೈತಿ. ಆಗ ಎಳಿ ಉಬ್ಬಿ ಮದ್ದು ಬಿಡತೈತಿ. ನಾವು ಬಿಚ್ಚೋತನಕ ಯಾರೂ ಮುಟ್ಟಬಾರ್ದು.”

ಅಕ್ಕ ನಕ್ಕಳು. “ಹಂಗಾದ್ರ ನಮ್ಮ ತಮ್ಮನಕಿಂತ ಶ್ಯಾಣೆ ಐತಿ ಬಿಡ್ರಿ. ಯಾವಾಗ ಬಾಯಿ ಮುಚ್ಚಬೇಕು, ಯಾವಾಗ ತೆರೀಬೇಕು, ಇವನಿಗೆ ಇನ್ನೂ ತಿಳಿದಿಲ್ಲ.”

ಡಾಕ್ಟರಮ್ಮನೂ ನಕ್ಕು ನನ್ನ ಕಡೆ ತಿರುಗಿದಳು. “ನೀವು ಎಳಿ ಬಲ್ಲವರು. ಈ ಪಟ್ಟಿ ನಿಮ್ಮ ಜವಾಬ್ದಾರಿರಿ.” ಆ ಮಾತಿಗೆ ನಾನು ಊರಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಎದೆಯುಬ್ಬಿಸಿ ಕೂತಿದ್ದೆ.

ಕೆಲವು ದಿನಗಳಾದ ಮೇಲೆ ಹೊರಗಿನ ಬಟ್ಟೆ ತೇವವಾಗಿ ಕಂಡಿತು. ಬಿಚ್ಚಲು ಕೂತೆ.

“ಬ್ಯಾಡೋ ತಮ್ಮಾ, ಮುಟ್ಟಬ್ಯಾಡ ಅಂದಾಳ ಆಕಿ. ಫೋನ್ ಹಚ್ಚು.”

“ಎಳಿ ಬಗ್ಗೆ ನನಗ ಹೇಳ್ತೀಯೇನು?”

ಒಳಗಿನ ಬಿಳಿ ಪೊರೆ ಬೆಂದ ಸಾಬೂದಾನಿಯಂತೆ ಉಬ್ಬಿ ಲೋಳೆಯಾಗಿತ್ತು. ಕೈ ತನ್ನ ಅಭ್ಯಾಸದಂತೆ ಒಂದು ಚಿಟಿಕೆ ಕಿತ್ತು ಎಳೆಯಿತು. ಒಂದಿಷ್ಟೂ ತಡೆಯದೆ ಹರಿಯಿತು. ಶಕ್ತಿಯಿಲ್ಲದ ಎಳೆ, ಒದ್ದೆ, ಕೆಟ್ಟಿದೆ. ನನ್ನ ತೀರ್ಪು ಬಂದುಬಿಟ್ಟಿತು.

“ಕೊಳತೈತಿ ಇದು.”

“ಉಬ್ಬತೈತಿ ಅಂತ ಆಕಿನೇ ಹೇಳಿದ್ಳಲ್ಲೋ.”

“ಸುಮ್ನ ಕುಂದ್ರು. ಹತ್ತಿ ನೋಡಿದವ ನಾನೋ, ನೀನೋ?”

ಪೊರೆಯನ್ನು ಪೂರ್ತಿ ಕಿತ್ತು ಮೋರಿಗೆ ಎಸೆದೆ. ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಿಂದ ತಂದಿಟ್ಟಿದ್ದ ಅಚ್ಚ ಬಿಳಿ ಅರಳೆಯನ್ನು ಗಾಯಕ್ಕೆ ಒತ್ತಿ ಕಟ್ಟಿದೆ. ಅಂದು ನಾನು ನೆಮ್ಮದಿಯಿಂದ ಉಂಡೆ.

ಜ್ವರ ಬಂತು. ಪಾದ ಕಪ್ಪಗಾಯಿತು. ಮತ್ತೆ ಬಳ್ಳಾರಿಗೆ ಹೋದೆವು. ಡಾಕ್ಟರಮ್ಮ ಚಿಮಟದಿಂದ ಗಾಯದೊಳಗಿನ ಹತ್ತಿ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆದಳು. ಒಂದು ಬೀಜದ ಚೂರೂ ಬಂತು. ತಲೆ ಎತ್ತದೆ ಕೇಳಿದಳು, “ಪಟ್ಟಿ ಎಲ್ಲಿ?”

“ಲೋಳೆಯಾಗಿತ್ತಂತ್ರಿ, ತೆಗದು ಒಗದೈತಿ,” ಎಂದೆ. ಯಾರು ತೆಗೆದರು ಎಂಬುದನ್ನು ನುಂಗಿದೆ.

“ಲೋಳೆ ಆಗಿತ್ತಂದ್ರ ಅದು ಕೆಲಸ ಮಾಡಾಕ ಹತ್ತಿತ್ರಿ. ಮದ್ದು ಬಿಡೋ ಹೊತ್ತಿನ್ಯಾಗ ಕಿತ್ತೀರಿ. ಯಾರು ಕಿತ್ತದ್ದು?”

ತಪ್ಪು ನನ್ನದೆಂದು ತಿಳಿಯಿತು. ಆದರೆ ಬಾಯಿ ಗಟ್ಟಿಯಾಗಿಯೇ ಇತ್ತು.

“ಆಕಿ ಮಾತು ಕೇಳಂಗಿಲ್ರಿ. ನಾ ಮನ್ಯಾಗ ಇಲ್ದಾಗ ಬಿಚ್ಚಿಕೊಂಡಾಳ.”

ಅಕ್ಕ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಷ್ಟು ವರ್ಷದಲ್ಲಿ ಮರೆಯುತ್ತಿದ್ದೆನೋ ಏನೋ.

“ಹೌದ್ರಿ,” ಎಂದಳು. “ಒದ್ದಿ ಆಗಿತ್ತು. ನಾನೇ ಬಿಚ್ಚಿದೆ.”

ಡಾಕ್ಟರಮ್ಮ ಕೈಗವಸು ತೆಗೆದಳು. “ಮನಿಯವ್ರು ಬಿಚ್ಚಿದ್ರ ಇಲ್ಲೇ ವಾರ್ಡಿನ್ಯಾಗ ಇಟ್ಕೊಂಡು ಇನ್ನೊಂದು ಹಾಕತಿದ್ವಿ. ಪೇಶಂಟೇ ಕಿತ್ಕೊಂಡ್ರ ಮತ್ತ ಹಾಕೂ ಹಂಗಿಲ್ರಿ, ಈ ಪರೀಕ್ಷೆದ ನಿಯಮ ಹಂಗೈತಿ. ಇನ್ನ ಗುಳಿಗಿ, ಸಾದಾ ಪಟ್ಟಿ ಅಷ್ಟೇ.”

ಬಾಗಿಲು ಅಲ್ಲಿ ತೆರೆದಿತ್ತು. “ನಾನ್ರಿ ಕಿತ್ತದ್ದು” ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ಆದೋನಿಯ ಮಾರ್ಕೆಟ್ಟಿನವರೆಗೆ ಮುಟ್ಟುತ್ತಿರಲಿಲ್ಲ, ನನ್ನ ಬೆರಳುಗಳ ಹೆಸರೂ ಹೋಗುತ್ತಿರಲಿಲ್ಲ. ನಾನು ಗೋಡೆಯ ಗಡಿಯಾರ ನೋಡುತ್ತಾ ನಿಂತೆ. ಅಕ್ಕನೂ ನಿಜ ಹೇಳಲಿಲ್ಲ. ಹೇಳಬೇಕಾದವಳು ಅವಳಲ್ಲ.

ಹೊಸ ಪಟ್ಟಿ ಹಾಕಿದ್ದರೆ ಕಾಲು ಉಳಿಯುತ್ತಿತ್ತೇ? ಡಾಕ್ಟರಮ್ಮನನ್ನು ನಾನು ಕೇಳಲೇ ಇಲ್ಲ. ಉಳಿಯುತ್ತಿತ್ತು ಎಂದುಬಿಟ್ಟರೆ ಎಂಬ ಭಯ. ಕೊನೆಗೆ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಪೆದ್ದಹರಿವಾಣದಿಂದ ನೋಡಲು ಬಂದ ಸೋದರತ್ತೆ ಅವಳನ್ನೇ ಬೈದಳು. “ಸುಮ್ನಿರಲಿಲ್ಲ ನಿನ್ನ ಕೈ. ಪಾಪ, ತಮ್ಮ ಎಷ್ಟು ಓಡಾಡಿದ.” ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಅಕ್ಕ, “ಏನ್ ಮಾಡ್ಲಿ ಅತ್ತಿ, ಚಟ” ಎಂದು ನಕ್ಕಳು. ಆಮೇಲೆ ತೆಗೆದ ಕಾಲಿನ ಚಪ್ಪಲಿಯನ್ನು ನನ್ನ ಕಡೆ ಸರಿಸಿ, “ಇದು ನಿನಗಿರಲಿ, ನನಗ ಒಂದ ಸಾಕು” ಎಂದಳು. ಸೋದರತ್ತೆ ಅದನ್ನು ತಮಾಷೆ ಎಂದುಕೊಂಡಳು. ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಒಮ್ಮೆ ಕ್ಷಮೆಯ ಮಾತು ಬಾಯಿಯವರೆಗೂ ಬಂದಿತ್ತು. “ಅಕ್ಕಾ, ಆವತ್ತು ಡಾಕ್ಟರಮ್ಮನ ಮುಂದ…” ಎಂದೆ.

“ಹಾಲು ಉಕ್ಕತೈತಿ ನೋಡು,” ಎಂದಳು.

ಹಾಲು ಉಕ್ಕುತ್ತಿರಲಿಲ್ಲ. ಒಲೆಯ ಮೇಲೆ ಹಾಲೇ ಇರಲಿಲ್ಲ. ಆದರೂ ಎದ್ದು ಹೋದೆ, ತಪ್ಪಿಸಿಕೊಂಡವನ ಹಾಗೆ. ಅವಳು ನನ್ನನ್ನು ಮತ್ತೊಮ್ಮೆ ಉಳಿಸಿದಳೋ, ನನ್ನ ತಪ್ಪೊಪ್ಪಿಗೆಯನ್ನು ಕೇಳಲು ಒಪ್ಪಲಿಲ್ಲವೋ, ಇಂದಿಗೂ ತಿಳಿಯದು.

ನಮ್ಮ ಮನೆಯ ಮಕ್ಕಳು ಮೊಮ್ಮಕ್ಕಳೆಲ್ಲ ತೆಲುಗಿನಲ್ಲಿ ಓದಿದವರು. ಕನ್ನಡ ಶಾಲೆಗೆ ಹೋದವನು ನಾನೊಬ್ಬನೇ. ಅಕ್ಕ ಶಾಲೆಯನ್ನೇ ಕಂಡಿಲ್ಲ. ಇಲ್ಲಿ ಬರೆದದ್ದನ್ನು ಮನೆಯಲ್ಲಿ ಯಾರೂ ಓದಲಾರರು ಎಂದು ಗೊತ್ತಿದ್ದೇ ಇಷ್ಟು ಧೈರ್ಯವಾಗಿ ಬರೆದೆ. ಇದೂ ಒಂದು ಹೇಡಿತನವೇ.

ಈಗಷ್ಟೇ ಹೊರಗಿನಿಂದ ಕೂಗಿದಳು, “ಏನು ಬರೀತಿ ಅಷ್ಟೊತ್ತಿನಿಂದ?”

“ಏನಿಲ್ಲ,” ಎಂದೆ.

ನಾನು ಯಾರ ಕ್ಷಮೆ ಕೇಳಬೇಕೋ ಅವಳು ಇಲ್ಲಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಕಟ್ಟೆಯ ಮೇಲೆ ಒಂದೇ ಕಾಲು ಇಳಿಬಿಟ್ಟು, ಅವರೆಕಾಯಿ ಸುಲಿಯುತ್ತಿದ್ದಾಳೆ. ನನ್ನ ಅಕ್ಕ.