ಎಡಗಾಲಿಗೆ ಆರು, ಬಲಗಾಲಿಗೆ ನಾಲ್ಕು

ಹಣಮಂತನ ಕೆಲಸ ಹೋದದ್ದು ನನ್ನಿಂದ. ಇಷ್ಟನ್ನು ನೇರವಾಗಿ ಬರೆಯಲು ನನಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದಕ್ಕೂ ಮೊದಲು ನಡೆದದ್ದನ್ನು — ಆ ಹುಡುಗಿಯ ವಿಷಯವನ್ನು — ಎಷ್ಟೋ ಜನರಿಗೆ ಹೇಳಿಕೊಂಡಿದ್ದೇನೆ. ಕೇಳಿದವರೆಲ್ಲ ಒಳ್ಳೆಯ ಕೆಲಸ ಮಾಡಿದೆ ಅಂದಿದ್ದಾರೆ. ನಾನು ಯಾವಾಗಲೂ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ.

ವೈಟ್‌ಫೀಲ್ಡಿಗೆ ಇನ್ನೂ ಮೆಟ್ರೋ ಬಂದಿರದ ಕಾಲ. ಅಲ್ಲಿನ ಒಂದು ಮಾಲ್‌ನ ಶೂ ಅಂಗಡಿಯಲ್ಲಿ ನಾನು ಸೇಲ್ಸ್‌ನಲ್ಲಿದ್ದೆ, ಹಣಮಂತ ಹಿಂದಿನ ಸ್ಟೋರ್ ರೂಮಿನಲ್ಲಿದ್ದ. ರಾಯಚೂರು ಕಡೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಬಿಸಿಲಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿದ್ದವನಿಗೆ ನೆರಳಿನ ಕೆಲಸ ಸಿಕ್ಕಿತೆಂದು ಅವನ ಹೆಂಡತಿ ಲಕ್ಷ್ಮವ್ವ ನಮಗೆಲ್ಲ ಹೋಳಿಗೆ ಮಾಡಿ ಕಳಿಸಿದ್ದಳು. ಗಿರಾಕಿಗಳು ಹಾಕಿ ನೋಡಿ ಬಿಟ್ಟ ಜೋಡಿಗಳನ್ನು ಮತ್ತೆ ಡಬ್ಬಕ್ಕೆ ಹಾಕಿ, ಸೈಜಿನ ಪ್ರಕಾರ ಜೋಡಿಸಿಡುವುದು ಅವನ ಕೆಲಸ.

ಒಂದು ಮಧ್ಯಾಹ್ನ ಕಾಲೇಜು ಹುಡುಗಿಯೊಬ್ಬಳು ತಾಯಿಯ ಜೊತೆ ಬಂದು ಸ್ಕೇಟ್ ಶೂ ಕೇಳಿದಳು. ಚಪ್ಪಟೆ ಅಟ್ಟೆ, ದಪ್ಪ ನಾಲಿಗೆ, ಅಗಲ ಲೇಸು — ಸ್ಕೇಟ್ ಬೋರ್ಡನ್ನು ಕಣ್ಣಲ್ಲಿ ಕಾಣದವರೂ ಆಗ ಅದನ್ನೇ ಹಾಕುತ್ತಿದ್ದರು. ಆರನೇ ಸೈಜು ಎಡಗಾಲಿಗೆ ಸರಿಯಾಗಿ ಕೂತಿತು. ಬಲಗಾಲು ಹುಟ್ಟಿನಿಂದಲೇ ಚಿಕ್ಕದು. ಹೆಜ್ಜೆಹೆಜ್ಜೆಗೂ ಹಿಮ್ಮಡಿ ಕಳಚಿ ಮೇಲೆ ಬರುತ್ತಿತ್ತು. ಲೇಸು ಎಷ್ಟು ಬಿಗಿದರೂ ಅಷ್ಟೇ. ಐದು ಕೊಟ್ಟರೆ ಎಡಗಾಲಿನ ಬೆರಳುಗಳು ಮುದುಡಿಕೊಂಡವು.

"ದೊಡ್ಡದೇ ಕೊಡಪ್ಪ, ಹತ್ತಿ ತುಂಬ್ಕೋತೀವಿ. ಯಾವಾಗ್ಲೂ ಹಂಗೇ ಮಾಡೋದು" ಅಂದರು ತಾಯಿ. ಹುಡುಗಿ ಆಗಲೇ ಶೂ ಬಿಚ್ಚತೊಡಗಿದ್ದಳು. "ಬಿಡಿ ಅಣ್ಣ, ಚಪ್ಪಲೀನೇ ಸಾಕು."

ನಾನು ಒಳಗೆ ಹೋಗಿ ಅದೇ ಬಣ್ಣದ ನಾಲ್ಕನೇ ಸೈಜು ತಂದೆ. ಎಡಕ್ಕೆ ಆರು, ಬಲಕ್ಕೆ ನಾಲ್ಕು. ಅವಳು ಕನ್ನಡಿಯವರೆಗೆ ನಡೆದು ಬಂದಳು. ಮತ್ತೊಮ್ಮೆ ಹೋಗಿ ಬಂದಳು. ಆಮೇಲೆ ಅಮ್ಮನ ಕೈ ಹಿಡಿದು ನಿಂತಳು. ಆ ಮುಖ — ಅದನ್ನು ನೋಡಿದ ಸಂತೋಷ ಸುಳ್ಳಲ್ಲ. ನಾಲ್ಕರ ಡಬ್ಬದಲ್ಲಿ ಆ ಜೋಡಿಯನ್ನಿಟ್ಟು ಬಿಲ್ಲು ಹಾಕಿಸಿ ಕಳಿಸಿದೆ.

ಉಳಿದ ಎರಡು ಶೂಗಳನ್ನು — ಎಡದ್ದು ನಾಲ್ಕು, ಬಲದ್ದು ಆರು — ಆರರ ಡಬ್ಬಕ್ಕೆ ಹಾಕಿ ರ‍್ಯಾಕಿನಲ್ಲಿಟ್ಟೆ. ಮ್ಯಾನೇಜರಿಗೆ ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಹೇಳಲಿಲ್ಲ. ಅದರ ಮರುದಿನವೂ — ಕೇಳದೆ ಮಾಡಿದ್ದಕ್ಕೆ ಬೈಯುತ್ತಾರೆ ಅನ್ನುವ ಭಯ, ಅಷ್ಟೇ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ಗಿರಾಕಿಯೊಬ್ಬರು ಆ ಡಬ್ಬವನ್ನು ಕೌಂಟರಿನ ಮೇಲೆ ತಂದಿಟ್ಟರು. ಹೆಂಡತಿಗೆ ಉಡುಗೊರೆಯೆಂದು ಬಿಚ್ಚಿ ನೋಡದೆ ತೆಗೆದುಕೊಂಡು ಹೋಗಿದ್ದರಂತೆ. ಗಿರಾಕಿಗಳ ಮುಂದೆಯೇ ಕೂಗಾಡಿದರು. ಅವರು ಹೋದ ಮೇಲೆ ಮ್ಯಾನೇಜರ್ ನಮ್ಮನ್ನೆಲ್ಲ ಕರೆದು, ಎರಡು ಶೂಗಳನ್ನೂ ಎತ್ತಿ ಹಿಡಿದು ಕೇಳಿದರು: "ಇದು ಯಾರ ಕೆಲಸ?"

ನಾನು ಬಾಯಿ ತೆರೆಯಬೇಕಿತ್ತು. ಒಂದು ಮಾತು ಸಾಕಿತ್ತು.

ನನಗಿಂತ ಮೊದಲು ಹಣಮಂತ ಮಾತಾಡಿದ. "ಡಬ್ಬಕ್ಕ ಹಾಕಾವ ನಾನರೀ ಸರ್. ನಂದೇ ಕೈತಪ್ಪ ಆಗಿರಬೇಕ್ರಿ."

ಅವನು ಯಾರನ್ನೂ ಕಾಪಾಡಲು ಹಾಗೆ ಹೇಳಲಿಲ್ಲ. ನಿಜವಾಗಿಯೂ ತನ್ನದೇ ತಪ್ಪೆಂದು ನಂಬಿದ್ದ. ನಾಳೆಯಿಂದ ಬರಬೇಡ ಅಂದರು ಮ್ಯಾನೇಜರ್. ಸಂಜೆ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ನಿಂತು ಕೇಳಿದ: "ಆರು ಯಾವ್ದು, ನಾಕು ಯಾವ್ದು, ಅಷ್ಟೂ ತಿಳಿಯಂಗಿಲ್ಲೇನು ತಮ್ಮಾ ನನಗ? ಹೆಂಗ ಆತಿದು?"

ನಾನು ಹೇಳಿದೆ — ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟ — "ಹೋಗ್ಲಿ ಬಿಡಣ್ಣ, ಎಲ್ಲರಿಂದ್ಲೂ ತಪ್ಪಾಗುತ್ತೆ." ನನ್ನ ತಪ್ಪಿಗೆ ಅವನನ್ನು ಸಮಾಧಾನ ಮಾಡಿದೆ.

ವರ್ಷಗಳ ನಂತರ ಬಾಗಲಗುಂಟೆಯಲ್ಲಿ ಸಿಕ್ಕಿದ. ಅಲ್ಲೇ ಒಂದು ರೂಮು ಮಾಡಿಕೊಂಡು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಮಾಡುತ್ತಿದ್ದ. ಸ್ಟೋರಿನಲ್ಲಿ ಕೂರಿಸುತ್ತೇವೆಂದು ಕರೆದರಂತೆ, ಇವನೇ ಬೇಡ ಅಂದನಂತೆ. "ನಂಬರಿನ ಕೆಲಸ ನನಗ ಆಗಂಗಿಲ್ಲ ತಮ್ಮಾ. ಮನಿಯಾಗೂ ಅಕಿ, ನಾ ಏನರ ತಂದ್ರ ತಪ್ಪ ಐತೇನಂತ ತಿರುಗಿಸಿ ನೋಡತಾಳ." ನಗುತ್ತಲೇ ಹೇಳಿದ. ಸೊಂಟಕ್ಕೆ ನೋವಿನ ಬೆಲ್ಟು ಕಟ್ಟಿಕೊಂಡಿದ್ದ. ಇಬ್ಬರೂ ಚಹಾ ಕುಡಿದೆವು. ಅವತ್ತೂ ನಾನು ಹೇಳಲಿಲ್ಲ.

ಹೋದ ತಿಂಗಳು ಅವನ ರೂಮು ಹುಡುಕಿಕೊಂಡು ಹೋದೆ. ಮಗಳ ಬಾಣಂತನಕ್ಕೆ ಲಕ್ಷ್ಮವ್ವ ಊರಿಗೆ ಹೋಗಿದ್ದಳು, ಒಬ್ಬನೇ ಇದ್ದ. ಹುಡುಗಿ ಬಂದಲ್ಲಿಂದ ಶುರುಮಾಡಿ ಎಲ್ಲ ಹೇಳಿದೆ.

"ಹಂಗಾದ್ರ ನಾ ತಪ್ಪ ಮಾಡಿದ್ದಿಲ್ಲೇನು?"

"ಇಲ್ಲಣ್ಣ."

ಬೈಯಲಿಲ್ಲ. ಯಾಕೆ ಹೇಳಲಿಲ್ಲ ಅಂತಲೂ ಕೇಳಲಿಲ್ಲ. ಮೊಬೈಲು ತೆಗೆದು ಹೆಂಡತಿಗೆ ಫೋನ್ ಮಾಡಿ, "ಇವ ಏನೋ ಹೇಳತಾನ, ಕೇಳು" ಅಂದು ನನ್ನ ಕೈಗೆ ಕೊಟ್ಟ. ಅತ್ತ ಕೂಸು ಅಳುತ್ತಿತ್ತು. ನಾನು ಮತ್ತೆ ಎಲ್ಲ ಹೇಳಿದೆ. ಕೂಸಿನ ಅಳು ದೂರವಾಯಿತು — ಯಾರೋ ಎತ್ತಿಕೊಂಡು ಹೋಗಿರಬೇಕು.

"ಅವರನ್ನ ಕೆಲಸ ಬಿಡಿಸಿದಾಗ ನೀವು ಅಲ್ಲೇ ನಿಂತಿದ್ರೇನ್ರಿ?" ಲಕ್ಷ್ಮವ್ವ ಕೇಳಿದಳು.

"ನಿಂತಿದ್ದೆ" ಅಂದೆ.

ಫೋನ್ ಕಟ್ಟಾಯಿತು. ಅದನ್ನು ಹಣಮಂತನಿಗೆ ವಾಪಸು ಕೊಟ್ಟೆ.

"ಇಟ್ಟಳೇನು?"

"ಹೂಂ."

"ಪೂರಾ ಕೇಳಿದಳೋ ಇಲ್ಲೋ" ಅಂದು ಅವನು ಮತ್ತೆ ನಂಬರು ಒತ್ತತೊಡಗಿದ. "ಇನ್ನೊಮ್ಮಿ ಹೇಳು ತಮ್ಮಾ. ಸಾವಕಾಶ ಹೇಳು."