ಅವ್ವನ ಉಗುರು ಎಳೆದ ಗೆರೆ

ಅವ್ವನ ಬಲಗೈ ಹೆಬ್ಬೆರಳಿನ ಉಗುರು ಕಳೆ ಕಿತ್ತು, ಅವರೆಕಾಯಿ ಸುಲಿದು ಅಂಚಿನಲ್ಲಿ ಸೀಳಿತ್ತು. ಬೇಸಿಗೆ ರಜೆಯಲ್ಲಿ ಆ ಉಗುರು ಕಂಡರೆ ನನಗೂ ಅಣ್ಣನಿಗೂ ಎದೆ ಡವಡವ ಎನ್ನುತ್ತಿತ್ತು. ಸಂಜೆ ದೀಪ ಹಚ್ಚುವ ಮೊದಲು ನಮ್ಮ ತೋಳು ಹಿಡಿದು ಅದರಿಂದ ಒಂದು ಗೆರೆ ಎಳೆಯುತ್ತಿದ್ದಳು. ನಾಲೆಯಲ್ಲಿ ಬಿದ್ದು ಬಂದು ಒಣಗಿದ ಮೈಯಾದರೆ ಗೆರೆ ಸುಣ್ಣದ ಹಾಗೆ ಬೆಳ್ಳಗೆ ಏಳುತ್ತದೆ. "ನೀ ಯೋಳಬ್ಯಾಡ ಸುಮ್ಕಿರು, ನಿನ್ನ ತೋಳೇ ಯೋಳ್ತದೆ" ಎನ್ನುವಳು. ಗೆರೆ ಏಳದಿರಲೆಂದು ಅಣ್ಣ ಹರಳೆಣ್ಣೆ ಸವರಿಕೊಂಡು ಬರುವನು. ಆ ವಾಸನೆಗೇ ಸಿಕ್ಕಿಬೀಳುವನು, ಪೆದ್ದ.

ಪಾಂಡವಪುರದ ಕಡೆಯ ನಮ್ಮೂರಿನ ಬೆನ್ನಿಗೇ ನಾಲೆ. ಅವ್ವನಿಗೆ ಈಜು ಬಾರದು, ಹರಿಯುವ ನೀರೆಂದರೆ ಪ್ರಾಣಭಯ. ಹಾಗಾಗಿ ನಮ್ಮ ರಜೆಗೇ ಬೇಲಿ ಹಾಕಿದ್ದಳು. ಬೆಳಗ್ಗೆ ತಾರಸಿಯ ಮೇಲೆ ಸಂಡಿಗೆ ಇಡುವುದು, ಬಿಸಿಲೇರಿದ ಮೇಲೆ ಕಾಗೆ ಓಡಿಸುವುದು, ಉಂಡು ಅವಳ ಪಕ್ಕದಲ್ಲೇ ಮಲಗುವುದು. ಮಲಗುವಾಗ ಸೆರಗಿನ ತುದಿಯನ್ನು ಅಣ್ಣನ ಕೈಗೆ ಗಂಟು ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಎಚ್ಚರವಾದಾಗ ಗಂಟು ಬಿಚ್ಚಿತ್ತು. ಅವ್ವ ಬರಿಗಾಲಲ್ಲೇ ಓಡಿದಳು, ಹಿಂದೆ ನಾನು. ನಾಲೆಯ ಮೆಟ್ಟಿಲ ಮೇಲೆ ಅಣ್ಣನ ಚಪ್ಪಲಿ, ಅಂಗಿ. ನೀರು ತುಂಬಿ ಹರಿಯುತ್ತಿತ್ತು. ಅವ್ವನ ಕೈ ನನ್ನ ಭುಜವನ್ನು ಹಿಡಿದ ಬಿಗಿಗೇ ಅಣ್ಣ ಸತ್ತನೆಂದು ನನಗೆ ಖಾತ್ರಿಯಾಯಿತು.

ಕೆಳಗಿನ ಸೇತುವೆ ಕಡೆಯಿಂದ ಅವನು ಏರಿಯ ಮೇಲೆ ನಡೆದು ಬಂದ. ಚಡ್ಡಿಯಿಂದ ನೀರು ಸುರಿಯುತ್ತಿತ್ತು, ಮಂಡಿ ತರಚಿತ್ತು. ನೀರು ಎಳೆದುಕೊಂಡು ಹೋಗಿ, ಯಾವುದೋ ಬೇರು ಕೈಗೆ ಸಿಕ್ಕಿ ಬದುಕಿದ್ದ. ಅವ್ವ ಹೊಡೆಯಲಿಲ್ಲ. ಅವನ ತೋಳು ಹಿಡಿದು ಗೆರೆ ಎಳೆದಳು. ಒದ್ದೆ ಮೈಯಲ್ಲಿ ಗೆರೆ ಎಲ್ಲಿ ಏಳಬೇಕು? ಆದರೂ ಎಳೆಯುತ್ತಲೇ ಇದ್ದಳು.

"ನೋಯ್ತದೆ ಕಣವ್ವ!"

"ನೋಯ್ಲಿ ಬುಡ್ಲಾ" ಎಂದು ಗಳಗಳನೆ ಅತ್ತಳು.

ಮರುದಿನ ದನದ ಹಗ್ಗ ತಂದು ಚಿಕ್ಕಪ್ಪನನ್ನು ಕರೆದಳು. "ಇವಕ್ಕೆ ಈಜು ಕಲ್ಸಪ್ಪ. ಇನ್ನು ಕಾಯಕ್ಕೆ ನನ್ನ ಕೈಲಾಗಕಿಲ್ಲ." ಚಿಕ್ಕಪ್ಪ ಒಬ್ಬೊಬ್ಬರನ್ನೇ ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿಸಿದ. ಇನ್ನೊಂದು ತುದಿಯನ್ನು ಅವ್ವ ಕೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. ಅವಳ ನಡುಕ ಹಗ್ಗದಲ್ಲಿ ಹಾದು ನನ್ನ ಸೊಂಟದವರೆಗೂ ಬರುತ್ತಿತ್ತು. ಆದರೂ ರಜೆ ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ಕೊನೆಗೆ ಮಾತು ನಿಂತಿತ್ತು. ಪಕ್ಕದಲ್ಲಿ ಕೂತರೆ ಆ ಹೆಬ್ಬೆರಳು ಮಾತ್ರ ನನ್ನ ತೋಳಿನ ಮೇಲೆ ಮೆಲ್ಲಗೆ ಆಡುತ್ತಿತ್ತು.

ಈ ಬೇಸಿಗೆ ಕೆ.ಆರ್. ಪೇಟೆಯಿಂದ ಮಗಳನ್ನು ಕರೆದುಕೊಂಡು ಊರಿಗೆ, ಅಣ್ಣನ ಮನೆಗೆ ಹೋಗಿದ್ದೆ. ಸಂಜೆ ಅವಳು, "ಪಕ್ಕದ ಮನೇಲಿ ಆಡ್ತಿದ್ದೆ ಕಣಮ್ಮ" ಎಂದಳು. ನನ್ನ ಹೆಬ್ಬೆರಳು ತಾನಾಗಿಯೇ ಅವಳ ತೋಳಿಗೆ ಹೋಯಿತು. ಗೆರೆ ಬೆಳ್ಳಗೆ ಎದ್ದಿತು. ಹಗ್ಗ ತೆಗೆದಿಡಲು ಅಣ್ಣನಿಗೆ ಹೇಳಿದೆ.

ಬೆಳಗ್ಗೆ ಅಣ್ಣ ಅವಳ ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿಸಿದ. ಇನ್ನೊಂದು ತುದಿ ಹಿಡಿದು ನಾನು ಮೆಟ್ಟಿಲ ಮೇಲೆ ಕೂತೆ.

"ಅಮ್ಮಾ, ಹಗ್ಗ ಅಲ್ಲಾಡಿಸ್ಬ್ಯಾಡ!" ಎಂದು ನೀರಿನಿಂದ ಕೂಗಿದಳು.

ನಾನು ಅಲ್ಲಾಡಿಸುತ್ತಿರಲಿಲ್ಲ.