ಅತ್ತೆ ಬಾಯಿಗೆ ತಾರದ ಹೆಸರು

ಹಾಲು ಹಾಕುವವಳು ಬಂದಾಗ ನಮ್ಮತ್ತೆ ಗೌರವ್ವನವರ ಕಣ್ಣು ಹಾಲಿನ ಮೇಲೆ ಇರುತ್ತಿರಲಿಲ್ಲ, ಅಳೆಯುವ ಮಾಪಿನೊಳಗೆ ಅದ್ದಿದ ಅವಳ ಹೆಬ್ಬೆರಳಿನ ಮೇಲೆ ಇರುತ್ತಿತ್ತು. "ಬೆರಳ ಹೊರಗ ತಗಿಯವಾ, ನಾವು ಹಾಲಷ್ಟ ಕುಡಿಯೋ ಮಂದಿ" ಎನ್ನುವರು. ಬೆಟಗೇರಿಯ ನೇಕಾರ ಓಣಿಯಲ್ಲಿ ಅವರ ಸಂಶಯಕ್ಕೆ ಸಿಗದವರೇ ಇರಲಿಲ್ಲ. ಸೊಸೆಯಾದ ನಾನಂತೂ ದಿನಾ ವಿಚಾರಣೆಗೆ ನಿಂತವಳು.

ಎಂಬತ್ತರ ದಶಕದ ಆರಂಭದಲ್ಲಿ ಅವರಿಗೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಹಾಕಿದವಳು ನಾನೇ ಎಂದು ತೀರ್ಪಾಯಿತು. ಆಮೇಲೊಂದು ದಿನ ಸಂತೆಯಿಂದ ಬರುವಾಗ ನಮ್ಮ ಓಣಿಯನ್ನೇ ದಾಟಿ ಹೋಗಿಬಿಟ್ಟಿದ್ದರು. ಇದಕ್ಕೆ ಗುಳಿಗೆ ಇಲ್ಲ, ಕೈಗೆ ಕೆಲಸ ಕೊಡಿ, ಹಳೆಯದನ್ನು ಕೇಳಿ ಕೇಳಿ ಮಾತಾಡಿಸಿ, ಇದ್ದ ನೆನಪಾದರೂ ಇನ್ನಷ್ಟು ದಿನ ಉಳಿದೀತು ಎಂದರು ಗದಗಿನ ಡಾಕ್ಟರು. ಮಾವ ಆ ಮಾತನ್ನು ಗಟ್ಟಿಯಾಗಿ ಹಿಡಿದರು. ನೂಲಿನ ಕಂಡಿಕೆ ಸುತ್ತುತ್ತ ಕುಳಿತ ಅತ್ತೆಯ ಎದುರು ಬಂದು ಕೂತು, ಇವತ್ತು ಯಾವ ವಾರ, ಬೆಳಿಗ್ಗೆ ಏನು ಉಂಡಿ, ನಿನ್ನ ತವರು ಯಾವುದು ಎಂದು ದಿನಾ ಕೇಳುವರು.

ಅತ್ತೆಗೆ ಇದರಲ್ಲೇನೋ ಹುನ್ನಾರ ಕಂಡಿತು. "ನನ್ನ ತವರು ಮುಂಡರಗಿ ಅಂತ ಇವರಿಗೆ ಗೊತ್ತಿಲ್ಲೇನು? ತಲಿ ಕೆಟ್ಟೈತಿ ಅಂತ ಮಾಡಿ ಅಲ್ಲಿಗೇ ಕಳಸಾಕ ನೋಡಾಕತ್ತಾರ" ಎಂದು ನನ್ನತ್ತ ಓರೆಗಣ್ಣು ಬಿಟ್ಟರು. ವಾರ ಕೇಳಿದರೆ, ನೀವೇ ಹೇಳಿ ನೋಡೋಣ ಎಂದು ತಿರುಗಿ ಕೇಳುವರು. ಅದು ಜಾಣತನವೋ ಮರೆವೋ ಎಂದು ನನಗೂ ಸಂಶಯ. ಅವರ ಚಾಳಿ ನನಗೂ ಅಂಟಿತ್ತು.

ಎಲ್ಲ ಮುಗಿದ ಮೇಲೆ ಮಾವ, ನನ್ನ ಹೆಸರೇನು ಹೇಳು ಎನ್ನುವರು. ಮದುವೆ ಮನೆಗಳಲ್ಲಿ ಒಡಪಿನ ಪದ್ಯದೊಳಗೆ ಸಂಗಪ್ಪ ಎಂದು ಸೇರಿಸಿ ಹೇಳಿದ್ದು ಬಿಟ್ಟರೆ ಅತ್ತೆ ಗಂಡನ ಹೆಸರು ಬಾಯಿಗೆ ತಂದವರಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, "ಈ ವಯಸ್ಸಿನ್ಯಾಗ ನಾಚಿಕಿ ಬಿಟ್ರೇನು?" ಎಂದು ಗದರುವರು. ಬೈಸಿಕೊಂಡ ಮಾವ ಹಿಗ್ಗಿನಿಂದ ಮಗ್ಗದ ಕುಣಿಗೆ ಇಳಿಯುವರು.

ನನಗೊಮ್ಮೆ ಮೆಲ್ಲಗೆ ಹೇಳಿದ್ದರು: "ಬೈತಾಳ ಅಂದ್ರ ನಾ ಯಾರಂತ ಗೊತ್ತೈತಿ ನೋಡವಾ. ವಾರ ಮರತರ ಮರೀಲಿ."

ಅತ್ತೆ ತೀರಿಕೊಳ್ಳುವ ಮುಂಚಿನ ಶ್ರಾವಣ ಅದು. ಮಾವ ಎಂದಿನಂತೆ ಎದುರು ಕೂತು ಹೆಸರು ಕೇಳಿದರು. ಅತ್ತೆ ಸೆರಗು ಎಳೆದುಕೊಳ್ಳಲಿಲ್ಲ. ಹಾಲಿನವಳನ್ನು ನೋಡುತ್ತಿದ್ದ ಹಾಗೇ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಂಗಪ್ಪ ಮನಿಯಾಗಿಲ್ರಿ. ಅವರು ಬಂದ ಮ್ಯಾಲ ಬರ್ರಿ."

ನನಗೆ ಅಳು ತಡೆಯಲಾಗಲಿಲ್ಲ. ಮಾವ ಮಾತ್ರ ಪರವೂರಿನವರ ಹಾಗೆ "ಆತ್ರಿ" ಎಂದು ಎದ್ದು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು.